ತಿದಿಗೆ ಫಲಕ ಹಾಕಲಾಗದು

ಕುವೈತಿನಲ್ಲಿ ಊರಿನ ಚರ್ಚಿಗೆ ವಂತಿಗೆ ಎತ್ತುವುದು ಕಷ್ಟವಲ್ಲ. ಮಹಾದ್ವಾರ, ಸಭಾಭವನ, ಗ್ರಾನೈಟು ನೆಲ ಎಂದರೆ ಸಾಕು, ದಿನಾರುಗಳು ತಾವಾಗಿ ಬರುತ್ತವೆ. ಹಳೆಯ ಪೈಪ್ ಆರ್ಗನ್ನಿನ ತಿದಿಗೆ ಹೊಸ ಚರ್ಮ ಹಾಕಬೇಕು ಎಂದು ಕೇಳಿ ನೋಡಿ. ಮೊದಲ ಪ್ರಶ್ನೆ: "ಹೆಸರು ಎಲ್ಲಿ ಹಾಕುತ್ತೀರಿ?" ಎರಡನೆಯದು: "ರಿಪೇರಿ ಯಾಕೆ, ದೊಡ್ಡದೇ ಮಾಡಬಾರದೇ?"

ಎರಡನೆಯ ಪ್ರಶ್ನೆ ಹೆಚ್ಚು ಅಪಾಯಕಾರಿ. ಆರ್ಗನ್ನಿನಲ್ಲಿ ಒಂದೊಂದು ಸ್ವರಕ್ಕೂ ಬೇರೆ ಬೇರೆ ಕೊಳವೆ. ಕೊಳಲಿನ ಹಾಗೆ ಅದು ನುಡಿಯಬೇಕಾದರೆ ತಿದಿ ಗಾಳಿ ಕೊಡಬೇಕು. ತಿದಿ, ಗಾಳಿಪೆಟ್ಟಿಗೆ, ಕೊಳವೆ ಎಲ್ಲವೂ ಒಂದರ ಅಳತೆಗೆ ಒಂದು. ಅದೇ ತಿದಿಯ ಮೇಲೆ ಇನ್ನಷ್ಟು ಸಾಲು ಕೊಳವೆ ಹೇರಿದರೆ ಗಾಳಿ ಸಾಲದೆ ಶ್ರುತಿ ಕುಸಿಯುತ್ತದೆ. 8 ಅಡಿಯ ಕೊಳವೆಗಿಂತ ಒಂದು ಸ್ಥಾಯಿ ಕೆಳಗಿನ ಸ್ವರಕ್ಕೆ 16 ಅಡಿಯದು ಬೇಕು. ನಿಲ್ಲಿಸಲು ಜಾಗವಿಲ್ಲವೆಂದು ಸ್ಪೀಕರ್ ಕೂರಿಸಿದರೆ, ಆರ್ಗನ್ ಹೋಯಿತು, ಪೆಟ್ಟಿಗೆ ಉಳಿಯಿತು.

ಬೆಂಗಳೂರಿನ ಸೇಂಟ್ ಆಂಡ್ರೂಸ್ ಚರ್ಚಿನ ಪೈಪ್ ಆರ್ಗನ್ 1881ರದು. ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಕೊನಾಕರ್ ಕಂಪನಿ ಕಟ್ಟಿದ್ದು. ಕರ್ನಾಟಕದಲ್ಲಿ ಇಂಥವು ಬೆರಳೆಣಿಕೆಯಷ್ಟು. ಚರ್ಮ ಬಿರಿಯುವುದು, ಮರ ಸೆಟೆಯುವುದು, ಕೊಳವೆಯಲ್ಲಿ ಧೂಳು ಕೂರುವುದು ಇವೆಲ್ಲ ಮುಪ್ಪಿನ ಕಾಯಿಲೆಗಳು, ಮದ್ದು ಗೊತ್ತಿರುವಂಥವು. ಹೊತ್ತಿಗೆ ಸರಿಯಾಗಿ ಆರೈಕೆ ಮಾಡಿದರೆ ಇನ್ನೊಂದು ತಲೆಮಾರಿಗೆ ನುಡಿಯುತ್ತವೆ.

"ಅದು ಬ್ರಿಟಿಷರ ವಾದ್ಯ" ಎನ್ನುವವರಿದ್ದಾರೆ. ಹಾರ್ಮೋನಿಯಂ ಕೂಡ ಹಡಗಿನಲ್ಲೇ ಬಂತು. ಕಂಪನಿ ನಾಟಕದವರು ಕಾಲಲ್ಲಿ ತಿದಿ ಒತ್ತಿ ಅದನ್ನು ನಮ್ಮದಾಗಿಸಲಿಲ್ಲವೇ?

"ಕೀಬೋರ್ಡ್ ಸಾಲದೇ?" ಎನ್ನುವವರೂ ಇದ್ದಾರೆ. ಕುವೈತಿಗೆ ಸಾಕು. ಇಲ್ಲಿನ ನ್ಯಾಷನಲ್ ಇವ್ಯಾಂಜೆಲಿಕಲ್ ಚರ್ಚಿನ ಒಂದೇ ಆವರಣವನ್ನು ಹಲವು ಭಾಷೆಗಳ ಸಭೆಗಳು ಹಂಚಿಕೊಂಡಿವೆ. ನಮ್ಮ ಗಂಟೆ ಮುಗಿದ ಕೂಡಲೇ ಜಾಗ ಬಿಡಬೇಕಾದವರಿಗೆ ಹೆಗಲಿಗೇರುವ ವಾದ್ಯವೇ ತಕ್ಕದ್ದು. ನಾವೂ ವೀಸಾ ಇರುವಷ್ಟು ದಿನದವರು. ಆದರೆ ಊರನ್ನೂ ಬಿಡಾರದಂತೆ ನೋಡಬೇಕೆ? ಬಿಚ್ಚಿ ಕಟ್ಟುವ ಬದುಕು ಬಲ್ಲ ನಮಗೇ ನೆಲೆ ನಿಂತದ್ದರ ಬೆಲೆ ಹೆಚ್ಚು ತಿಳಿದಿರಬೇಕು.

ಆದ್ದರಿಂದ ನನ್ನ ಒತ್ತಾಯ ಇಷ್ಟು: ವಂತಿಗೆಯ ಪಟ್ಟಿಯಲ್ಲಿ ದುರಸ್ತಿ ಮೊದಲ ಸಾಲಿಗೆ ಬರಲಿ. ಈ ಕಸಬು ಕಲಿಯಲು ಊರಿನ ಹುಡುಗನನ್ನೋ ಹುಡುಗಿಯನ್ನೋ ನಮ್ಮ ಖರ್ಚಿನಲ್ಲಿ ಕಳಿಸೋಣ. ಕೊಳವೆ ಹೆಚ್ಚಿಸಬೇಕೆ ಎಂಬುದನ್ನು ತಿದಿ ಪರೀಕ್ಷಿಸಿದ ಕುಶಲಕರ್ಮಿ ತೀರ್ಮಾನಿಸಲಿ. ದುಡ್ಡು ಕೊಟ್ಟವರು ಸುಮ್ಮನಿರಲಿ. ಹೆಸರು ಬೇಕೇ ಬೇಕು ಎನ್ನುವವರಿಗೆ ಸಭಾಭವನದ ಕುರ್ಚಿಗಳ ಬೆನ್ನು ಇದ್ದೇ ಇದೆ.