ಹುಣಸೆಹಣ್ಣಿಗೂ ಅಳಿಯದ ಹೆಸರು

ಮೊನ್ನೆ ಡೆಲಿವರಿ ಹುಡುಗ ನಮ್ಮ ಫ್ಲ್ಯಾಟ್ ಬಾಗಿಲಲ್ಲಿ ನಿಂತು ಕೇಳಿದ: "ಸಾರ್, ಇದು ಖಾಲಿ ಬೋರ್ಡಾ?" ನಗು ಬಂತು, ಜೊತೆಗೆ ನಾಚಿಕೆನೂ ಆಯ್ತು. 2 ವರ್ಷದ ಹಿಂದೆ ಗೃಹಪ್ರವೇಶದ ಅವಸರದಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಸ್ಟೀಲ್ ನೇಮ್‌ಪ್ಲೇಟ್ ಅದು. ಅಕ್ಷರ ಬರೀ ಪ್ರಿಂಟು. ಅರ್ಧ ಅಳಿಸಿದ್ದು ಸಂಜೆ ಬಿಸಿಲು. ಉಳಿದರ್ಧ ವಾರವಾರ ಕ್ಲೀನಿಂಗ್ ಲಿಕ್ವಿಡ್ ಹಾಕಿ ಒರೆಸಿದ ನಾನೇ!

ಅದೇ ವಾರ ಅಮ್ಮ ಸಾಗರದಿಂದ ನಮ್ಮ ಜೊತೆ ಇರೋಕೆ ಬಂದರು. ಅಪ್ಪ ಹೋದ ಮೇಲೆ ಊರಿನ ಮನೆ ಬಾಡಿಗೆಗೆ ಕೊಟ್ಟಾಗಿತ್ತು. ಟ್ರಂಕಿನಿಂದ ಅವರು ಮೊದಲು ತೆಗೆದದ್ದು ಅಪ್ಪನ ಹಿತ್ತಾಳೆ ನೇಮ್‌ಪ್ಲೇಟ್. ಹೆಸರು, ಅದರ ಕೆಳಗೆ 'ಬಿ.ಎ., ಬಿ.ಎಡ್.' ಯಾರೋ ಕುಶಲಕರ್ಮಿ ಉಳಿ ಹಿಡಿದು ಕೈಯಲ್ಲಿ ಕೆತ್ತಿದ್ದು. 34 ದೀಪಾವಳಿ ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿದ್ದಾರೆ, ಅಕ್ಷರ ಹಾಗೇ ಇದೆ.

"ಇದನ್ನೇ ಹಾಕೋಣ, ಕೆಳಗೆ ಅತ್ತೆ ಹೆಸರೂ ಸೇರಿಸೋಣ" ಅಂದಳು ಹೆಂಡತಿ. "ನನ್ನ ಹೆಸರು ಯಾಕೆ?" ಅಂದರು ಅಮ್ಮ. ಆದ್ರೆ ಬೇಡ ಅನ್ನಲಿಲ್ಲ.

ನನಗೆ ಭಯ ಶುರುವಾಯ್ತು. ಹೊಸ ಫಲಕ ಕೆಟ್ಟರೆ ಇನ್ನೊಂದು ಮಾಡಿಸಬಹುದು. ಇದು ಕೆಟ್ಟರೆ?

ಬೆಂಗಳೂರಿನ ಎಸ್.ಪಿ. ರಸ್ತೆ ಹತ್ತಿರದ ಒಂದು ಸಣ್ಣ ಅಂಗಡಿಗೆ ಹೋದೆ. ನಾನು 'ಲೇಸರ್ ಮಾಡಿ' ಅಂತ ಹೇಳೋಕೆ ರೆಡಿಯಾಗಿದ್ದೆ. ಅಂಗಡಿಯವರು ಬೇರೆಯೇ ಪ್ರಶ್ನೆ ಕೇಳಿದರು: "ಇದನ್ನ ಯಾರು ತೊಳೀತಾರೆ? ಯಾವುದ್ರಲ್ಲಿ?"

ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಪ್ರಿಂಟ್ ಅಂದ್ರೆ ಲೋಹದ ಮೇಲೆ ಕೂತ ಬಣ್ಣ. ಎಷ್ಟು ಬಣ್ಣ ಬೇಕಾದ್ರೂ ಹಾಕಬಹುದು, ಅಗ್ಗ. ಆದ್ರೆ ಬಿಸಿಲು, ಉಜ್ಜಾಟ ಎರಡೂ ಆಗಿಬರಲ್ಲ. ಎಚಿಂಗ್‌ನಲ್ಲಿ ಅಕ್ಷರ ಬಿಟ್ಟು ಉಳಿದ ಜಾಗಕ್ಕೆ ರಕ್ಷಣೆಯ ಪದರ ಹಾಕಿ, ಫೆರಿಕ್ ಕ್ಲೋರೈಡ್‌ನಂಥ ರಾಸಾಯನಿಕದಿಂದ ಲೋಹವನ್ನು ಕೊರೆಸುತ್ತಾರೆ. ಆ ಗುಂಡಿಗೆ ಬಣ್ಣ ತುಂಬುತ್ತಾರೆ. ಹೊಸ ಫಲಕಕ್ಕೆ ಚೆನ್ನ. ಆದರೆ ರಾಸಾಯನಿಕ ಪಕ್ಕಕ್ಕೂ ತಿನ್ನುತ್ತೆ, ಸಣ್ಣ ಒತ್ತಕ್ಷರದ ಗೆರೆಗಳು ದಪ್ಪವಾಗಿಬಿಡಬಹುದು. ಅಪ್ಪನ ಹೆಸರು ಇರೋ ಫಲಕವನ್ನ ಆ ದ್ರಾವಣಕ್ಕೆ ಇಳಿಸೋಕೆ ನನಗಂತೂ ಧೈರ್ಯ ಬರಲಿಲ್ಲ.

ಫೈಬರ್ ಲೇಸರ್ ಸೂಕ್ಷ್ಮ ಗೆರೆಗೆ ರಾಜ. ಸ್ಟೀಲ್ ಮೇಲೆ ಕಪ್ಪು ಗುರುತು ನೀಟಾಗಿ ಬರುತ್ತೆ. ಹಿತ್ತಾಳೆ ಮೇಲೆ ಒಂದೇ ಸಲ ಓಡಿಸಿದ ತೆಳು ಗುರುತು ಮಾತ್ರ ಮೇಲ್ಮೈಯಲ್ಲೇ ಇರುತ್ತೆ. ಅಮ್ಮನ ಹುಣಸೆಹಣ್ಣಿನ ಮುಂದೆ ಅದರ ಆಟ ನಡೆಯಲ್ಲ. ಆಳ ಬೇಕಂದ್ರೆ ಮತ್ತೆ ಮತ್ತೆ ಓಡಿಸಬೇಕು.

ಉಳಿದದ್ದು ರೋಟರಿ ಎನ್‌ಗ್ರೇವಿಂಗ್. ತಿರುಗುವ ಚೂಪು ಕಟರ್ ಲೋಹವನ್ನೇ ಕೆತ್ತುತ್ತೆ. ಹಳೆಯ ಉಳಿಯ ಕೆಲಸಕ್ಕೆ ಇದೇ ಹತ್ತಿರದ ನೆಂಟ. ಅದಕ್ಕೇ ಹೂಂ ಅಂದೆ. ಬಣ್ಣ ಬೇಡ, ಮೇಲೆ ಲ್ಯಾಕರ್ ಕೂಡ ಬೇಡ ಅಂದೆ. ಲ್ಯಾಕರ್ ಇದ್ರೆ ಹಿತ್ತಾಳೆ ಬೇಗ ಕಪ್ಪಾಗಲ್ಲ, ನಿಜ. ಆದ್ರೆ ತಿಕ್ಕಿದಾಗ ಅಲ್ಲಲ್ಲಿ ಎದ್ದುಹೋಗಿ ತೇಪೆ ತೇಪೆಯಾಗುತ್ತೆ. ಅಮ್ಮನ್ನ ತಿಕ್ಕಬೇಡಿ ಅನ್ನೋಕಾಗುತ್ತಾ?

ಒಂದು ಅವಾಂತರ ಸ್ವಲ್ಪದರಲ್ಲೇ ತಪ್ಪಿತು. ನಾನು ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಅವರ ಕಂಪ್ಯೂಟರ್‌ನಲ್ಲಿ ತೆರೆದಾಗ ಅಮ್ಮನ ಹೆಸರು ಏನೇನೋ ಇಂಗ್ಲಿಷ್ ಚಿಹ್ನೆಗಳಾಗಿತ್ತು. ಆ ಫಾಂಟ್ ಅಲ್ಲಿ ಇರಲಿಲ್ಲ. ಸರಿಪಡಿಸಿದ ಮೇಲೆ ನೋಡಿದರೆ ಒಂದು ಒತ್ತು ಕಾಣೆ! ಹೊಸದಾಗಿ ಯುನಿಕೋಡ್‌ನಲ್ಲಿ ಟೈಪ್ ಮಾಡಿ, ಅಕ್ಷರಗಳನ್ನ ಕರ್ವ್ಸ್‌ಗೆ ಬದಲಿಸಿ, ಪ್ರಿಂಟ್ ತೆಗೆದು ಅಮ್ಮನಿಗೇ ತೋರಿಸಿದೆ. ಕೆತ್ತಿದ್ದಕ್ಕೆ ಬ್ಯಾಕ್‌ಸ್ಪೇಸ್ ಇಲ್ಲ.

ಮೊದಲು ಹಿತ್ತಾಳೆ ಚೂರೊಂದರ ಮೇಲೆ ಅದೇ ಹೆಸರು ಕೆತ್ತಿಸಿದೆ. ಮನೆಗೆ ತಂದು ಅಮ್ಮ ಎರಡು ದಿನ ಹುಣಸೆಹಣ್ಣಲ್ಲಿ ತಿಕ್ಕಿ ಪರೀಕ್ಷೆ ಮಾಡಿ ಪಾಸ್ ಮಾಡಿದರು. ಆಮೇಲೆಯೇ ಅಪ್ಪನ ಫಲಕ ಮಷೀನಿಗೆ ಹೋದದ್ದು. ಅದು ಸ್ವಲ್ಪ ಡೊಂಕಾಗಿತ್ತು. ಹಾಗೇ ಇಟ್ಟರೆ ಒಂದು ಕಡೆ ಆಳ, ಇನ್ನೊಂದು ಕಡೆ ತೆಳು ಬರುತ್ತೆ ಅಂತ ಮರದ ಹಲಗೆಗೆ ಸಮವಾಗಿ ಅಂಟಿಸಿ ಕೆತ್ತಿದರು. ಆ ಹತ್ತು ನಿಮಿಷ ನಾನು ಹೊರಗೆ ಹೋಗಿ ಟೀ ಕುಡಿಯುತ್ತಾ ನಿಂತೆ. ನೋಡೋಕಾಗಲಿಲ್ಲ.

ನೀವೂ ನೇಮ್‌ಪ್ಲೇಟ್ ಮಾಡಿಸೋದಾದ್ರೆ ಫೋಟೋ ನೋಡಿ ಆರ್ಡರ್ ಮಾಡಬೇಡಿ. ಬಿಸಿಲು ಬೀಳುತ್ತಾ, ಮಳೆ ಹೊಡೆಯುತ್ತಾ, ಯಾರು ಯಾವುದರಲ್ಲಿ ಒರೆಸ್ತಾರೆ, ಇಷ್ಟು ಯೋಚಿಸಿ. ಯಾವ ವಿಧಾನ ಬೇಕು ಅಂತ ಅದೇ ಹೇಳುತ್ತೆ. ಬಾಡಿಗೆ ಮನೆಗೆ ಪ್ರಿಂಟೇ ಸಾಕು, ತಪ್ಪಿಲ್ಲ.

ಈಗ ಬಾಗಿಲಲ್ಲಿ ಎರಡು ಹೆಸರಿವೆ. ಅಪ್ಪನ ಅಕ್ಷರಗಳ ಅಂಚು ಸವೆದು ಮೆತ್ತಗಾಗಿದೆ, ಅಮ್ಮನದು ಚೂಪಾಗಿ ಹೊಳೆಯುತ್ತೆ. "ಒಂದಕ್ಕೊಂದು ಹೊಂದಲಿಲ್ಲ ಅಲ್ವಾ?" ಅಂದೆ.

"ನೀನೂ ಒಂದು ಮೂವತ್ತು ವರ್ಷ ತಿಕ್ಕು, ಹೊಂದ್ಕೊಳ್ಳುತ್ತೆ" ಅಂದರು ಅಮ್ಮ.