ನೋವು ಹೋಯಿತು, ಬಲ ಬಂತೆ?

ದರ್ಜಿಗಳು ಕೊರಳಿಗೆ ಹಾಕಿಕೊಳ್ಳುವಂಥ ಅಳತೆ ಟೇಪೊಂದು ವರ್ಷದ ಮೇಲಾಯಿತು, ನಮ್ಮ ಮನೆಯ ಕ್ಯಾಲೆಂಡರಿನ ಮೊಳೆಯಲ್ಲಿ ನೇತಾಡುತ್ತಿದೆ. ತಿಂಗಳ ಮೊದಲ ಭಾನುವಾರ ಅದನ್ನು ತೆಗೆದು ನನ್ನ ಎರಡೂ ತೊಡೆಗಳ ಸುತ್ತಳತೆ ನೋಡಿ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡುತ್ತೇನೆ. "ನಮ್ಮನೆಯವರು ಐವತ್ತಾರಕ್ಕೆ ಪೈಲ್ವಾನರಾಗೋಕೆ ಹೊರಟಿದ್ದಾರೆ" ಎಂದು ನನ್ನಾಕೆ ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ. ನಗುವಂಥದ್ದೇ, ಒಪ್ಪಿದೆ. ಆದರೆ ಆ ಟೇಪಿನ ಹಿಂದೆ ಒಬ್ಬ ಹುಡುಗನ ಪಾದಕ್ಕೆ ಬಿದ್ದ ಎರಡು ಹೊಲಿಗೆಗಳಿವೆ.

ಅದರ ಹಿಂದಿನ ಮಳೆಗಾಲದಲ್ಲಿ ನಾನು ಬಚ್ಚಲ ಮುಂದಿನ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ, ಎಡಮಂಡಿ ಊರಿ ಬಿದ್ದೆ. ಮಂಡಿಚಿಪ್ಪಿನಲ್ಲಿ ಕೂದಲೆಳೆಯಷ್ಟು ಬಿರುಕು. ಐದು ವಾರ ಪ್ಲಾಸ್ಟರು. ಅದನ್ನು ಬಿಚ್ಚಿದ ದಿನ ವೈದ್ಯರು ಮೂಳೆ ಕೂಡಿಕೊಂಡಿದೆ ಎಂದು ಹೇಳಿ, ಆರು ವಾರ ಫಿಸಿಯೊಥೆರಪಿಗೆ ಹೋಗಬೇಕೆಂದು ಚೀಟಿ ಬರೆದುಕೊಟ್ಟರು. ನಾನು ಹೋದದ್ದು ಆರು ದಿನ. ಏಳನೆಯ ದಿನ ಎದ್ದಾಗ ನೋವೇ ಇರಲಿಲ್ಲ. ನೋವಿಲ್ಲದ ಮೇಲೆ ಚಿಕಿತ್ಸೆ ಯಾತಕ್ಕೆ? ಆಟೋ ಖರ್ಚು ಉಳಿಯಿತು, ಹಿಂದೆ ಬಿದ್ದಿದ್ದ ಪಾಠವೂ ಮುಂದೆ ಹೋಯಿತು ಎಂದುಕೊಂಡೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಮಾಡಿಯ ಮೇಲಿರುವ ನಮ್ಮ ಪ್ರಯೋಗಶಾಲೆಯಿಂದ ಮೈಲುತುತ್ತದ ದ್ರಾವಣ ತುಂಬಿದ ದೊಡ್ಡ ಗಾಜಿನ ಸೀಸೆ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದೆ. ನಾಲ್ಕನೆಯ ಮೆಟ್ಟಿಲಲ್ಲಿ ನನ್ನ ಕಾಲೇ ನನಗೆ ಕೈಕೊಟ್ಟಿತು. ನೋವಿಲ್ಲ, ಜಾರಿದ್ದೂ ಇಲ್ಲ. ಮಂಡಿ ಸುಮ್ಮನೆ ಮಡಿಸಿಹೋಯಿತು. ನಾನು ಕಂಬಿ ಹಿಡಿದು ಉಳಿದುಕೊಂಡೆ. ಸೀಸೆ ಉಳಿಯಲಿಲ್ಲ. ನನ್ನ ಮುಂದೆ ಬರಿಗಾಲಲ್ಲಿ ಇಳಿಯುತ್ತಿದ್ದ ಒಂಬತ್ತನೇ ತರಗತಿಯ ಹುಡುಗನ ಪಾದಕ್ಕೆ ಗಾಜು ಹೊಕ್ಕಿತು.

ಮರುದಿನವೇ ಮತ್ತೆ ಫಿಸಿಯೊಥೆರಪಿಯ ಬಾಗಿಲಿಗೆ ಹೋದೆ. ಅಲ್ಲಿರುವಾಕೆ ನಮ್ಮ ಶಾಲೆಯಲ್ಲೇ ಓದಿದವಳು. ಬೈಯಲಿಲ್ಲ. ಮಂಡಿಚಿಪ್ಪಿನ ಮೇಲಂಚಿನಿಂದ 15 ಸೆಂಟಿಮೀಟರ್ ಮೇಲಕ್ಕೆ ಪೆನ್ನಿನಲ್ಲಿ ಗುರುತು ಹಾಕಿ ಟೇಪು ಸುತ್ತಿದಳು. ಬಲತೊಡೆ 46, ಎಡತೊಡೆ 42.5. "ಸಾರ್, ನೋವು ಹೋಗಿದೆ ಅಂತ ನಿಮಗೆ ಗೊತ್ತಾಯ್ತು. ತೊಡೆಗೆ ಇನ್ನೂ ಗೊತ್ತಾಗಿಲ್ಲ" ಎಂದಳು. ಮೂವತ್ತು ವರ್ಷ ಮಕ್ಕಳಿಗೆ ಅಳತೆ ಮಾಡದೆ ಏನನ್ನೂ ನಂಬಬೇಡಿ ಎಂದು ಹೇಳಿಕೊಂಡು ಬಂದವನು ನಾನು!

ಅಂದಿನಿಂದ ಈ ವಿಷಯವನ್ನು ಸಿಕ್ಕಿದ ಕಡೆಯೆಲ್ಲ ಓದುತ್ತಾ ಬಂದಿದ್ದೇನೆ. ನಾನು ಮಾಡಿದ ತಪ್ಪನ್ನು ಪ್ರಪಂಚದ ತುಂಬ ಜನ ಮಾಡಿದ್ದಾರೆ. ಅದನ್ನು ಅಳೆದು ನೋಡಿದ ವಿಜ್ಞಾನಿಗಳೂ ಇದ್ದಾರೆ.

ಮೊದಲು ಮಂಡಿಯ ವಿಷಯ. ಕೆಲಸವಿಲ್ಲದೆ ಐದು ವಾರ ಇದ್ದ ಸ್ನಾಯು ಸೊರಗುತ್ತದೆ ಎಂಬುದು ಯಾರಿಗಾದರೂ ಹೊಳೆಯುವ ಮಾತು. ಹೊಳೆಯದ ಮಾತು ಬೇರೊಂದಿದೆ. ಮಂಡಿಗೆ ಪೆಟ್ಟಾಗಿ ಒಳಗೆ ನೀರು ತುಂಬಿಕೊಂಡಾಗ, ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ನರದ ಆಜ್ಞೆಯೇ ಕಡಿಮೆಯಾಗುತ್ತದೆ. ಕೀಲಿನ ಸುತ್ತಣ ಚೀಲದಲ್ಲಿ ಒತ್ತಡವನ್ನು ಅರಿಯುವ ನರತುದಿಗಳಿವೆ. ಚೀಲ ಉಬ್ಬಿತೆಂದರೆ ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ; ಬೆನ್ನುಹುರಿ ಮಿದುಳನ್ನು ಕೇಳದೆಯೇ ತೊಡೆಯ ಸ್ನಾಯುವಿನ ಲಗಾಮು ಎಳೆಯುತ್ತದೆ. 1984ರಲ್ಲಿ ಸ್ಪೆನ್ಸರ್ ಮತ್ತು ಸಂಗಡಿಗರು ಆರೋಗ್ಯವಂತರ ಮಂಡಿಯೊಳಕ್ಕೆ ಉಪ್ಪುನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ಇದನ್ನು ಪರೀಕ್ಷಿಸಿದರು. 20ರಿಂದ 30 ಮಿಲಿಲೀಟರ್, ಅಂದರೆ ನಾಲ್ಕರಿಂದ ಆರು ಟೀ ಚಮಚೆ ನೀರು ಸಾಕು, ತೊಡೆಯ ಒಳಮಗ್ಗುಲಿನ ಸ್ನಾಯು ಮಂಕಾಗುತ್ತದೆ. 50–60 ಮಿಲಿಲೀಟರಿಗೆ ಉಳಿದ ಭಾಗಗಳೂ ಅದೇ ದಾರಿ ಹಿಡಿಯುತ್ತವೆ. ನೆನಪಿಡಿ, ಇವು ಪೆಟ್ಟು ತಿಂದ ಮಂಡಿಗಳಲ್ಲ.

ಅದೇ ವರ್ಷ ಬ್ರಿಟನ್ನಿನ ಮರಿಯಾ ಸ್ಟೋಕ್ಸ್ ಮತ್ತು ಆರ್ಚೀ ಯಂಗ್ ಮಂಡಿಯ ಶಸ್ತ್ರಚಿಕಿತ್ಸೆ ಆದವರನ್ನು ಪರೀಕ್ಷಿಸಿದರು. ನೋವು ಬಹುಪಾಲು ಇಳಿದ ಮೇಲೂ ಸ್ನಾಯುವಿನ ಮೇಲಿನ ಈ ತಡೆ ಉಳಿದೇ ಇತ್ತು. ಪೂರ್ತಿ ಬಲ ಹಾಕುತ್ತಿದ್ದೇನೆ ಎಂದು ರೋಗಿ ಅಂದುಕೊಂಡರೂ ಸ್ನಾಯುವಿನ ಒಂದು ಪಾಲು ಕೆಲಸಕ್ಕೇ ಬರುವುದಿಲ್ಲ. ಕೆಲಸಕ್ಕೆ ಬಾರದ ಪಾಲು ಸೊರಗುತ್ತದೆ. ಇನ್ನು ಮೆಟ್ಟಿಲು ಇಳಿಯುವುದು ಹತ್ತುವುದಕ್ಕಿಂತ ಸುಲಭ ಎಂದು ನಾವು ತಿಳಿದಿರುತ್ತೇವಲ್ಲ, ಉಸಿರಿನ ಮಟ್ಟಿಗೆ ಅದು ನಿಜ. ತೊಡೆಗೆ ಹಾಗಲ್ಲ. ಇಳಿಯುವಾಗ ಆ ಸ್ನಾಯು ಉದ್ದವಾಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು, ಬಾವಿಯ ಹಗ್ಗವನ್ನು ಕೈಯಲ್ಲಿ ಬಿಗಿಹಿಡಿದು ಕೊಡವನ್ನು ನಿಧಾನವಾಗಿ ಇಳಿಬಿಟ್ಟ ಹಾಗೆ. ನನ್ನ ಹಗ್ಗ ನಾಲ್ಕನೆಯ ಮೆಟ್ಟಿಲಲ್ಲಿ ಕೈಜಾರಿತ್ತು.

ಇದು ಮಂಡಿಯೊಂದರ ಕಥೆಯಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಸೊಂಟ ಹಿಡಿದುಕೊಳ್ಳದವರು ಯಾರೂ ಇಲ್ಲ, ಎಲ್ಲರದೂ ಒಂದೇ ರಾಗ: "ಹೋದ ವರ್ಷ ಬಂದಿತ್ತು, ಹೋಗಿತ್ತು, ಈಗ ಮತ್ತೆ ಬಂದಿದೆ." ಈ 'ಮತ್ತೆ' ಯಾಕೆ ಎಂಬುದಕ್ಕೆ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಜೂಲಿ ಹೈಡ್ಸ್ ಮತ್ತು ಸಹೋದ್ಯೋಗಿಗಳು ನಡೆಸಿದ ಒಂದು ಅಧ್ಯಯನ ನನಗೆ ಬಹಳ ಹಿಡಿಸಿತು. ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ ಮಣಿಯಿಂದ ಮಣಿಗೆ ಹೆಣೆದುಕೊಂಡಿರುವ ಮಲ್ಟಿಫಿಡಸ್ ಎಂಬ ಸ್ನಾಯುವಿದೆ. ಜೀವನದಲ್ಲಿ ಮೊದಲ ಸಲ ಸೊಂಟ ಹಿಡಿದುಕೊಂಡು ಬಂದ 39 ಮಂದಿಯ ಈ ಸ್ನಾಯುವನ್ನು ಅವರು ಅಲ್ಟ್ರಾಸೌಂಡಿನಲ್ಲಿ ಅಳೆದರು. ನೋವಿದ್ದ ಪಕ್ಕದಲ್ಲಿ, ನೋವಿದ್ದ ಮಟ್ಟದಲ್ಲೇ ಅದು ಸಣ್ಣದಾಗಿತ್ತು. ಒಂದು ಗುಂಪಿಗೆ ಔಷಧಿ ಮತ್ತು ಸಲಹೆ; ಇನ್ನೊಂದಕ್ಕೆ ಅದರ ಜೊತೆ ಆ ಸ್ನಾಯುವನ್ನೇ ಹುಡುಕಿ ಬಿಗಿಸುವ ವ್ಯಾಯಾಮ.

ನಾಲ್ಕು ವಾರದಲ್ಲಿ ಎರಡೂ ಗುಂಪಿನ ಬಹುತೇಕ ಎಲ್ಲರ ನೋವೂ ಹೋಗಿತ್ತು. ಅಲ್ಲಿಗೇ ಲೆಕ್ಕ ಮುಗಿಸಿದ್ದರೆ ವ್ಯಾಯಾಮ ದಂಡ ಎಂದು ಬರೆದುಬಿಡಬಹುದಿತ್ತು. ಆದರೆ ಅವರು ಸ್ನಾಯುವನ್ನೂ ಅಳೆದರು. ವ್ಯಾಯಾಮ ಮಾಡದವರ ಸ್ನಾಯು ಹತ್ತು ವಾರವಾದರೂ ಮೊದಲಿನ ಗಾತ್ರಕ್ಕೆ ಬಂದಿರಲಿಲ್ಲ. ಅದು 1996ರ ವರದಿ. 2001ರಲ್ಲಿ ಮುಂದಿನ ಭಾಗ ಬಂತು: ಒಂದು ವರ್ಷದೊಳಗೆ ಸೊಂಟನೋವು ಮರುಕಳಿಸಿದ್ದು ವ್ಯಾಯಾಮದ ಗುಂಪಿನಲ್ಲಿ ಶೇ. 30, ಇನ್ನೊಂದರಲ್ಲಿ ಶೇ. 84!

ಇದು 39 ಜನರ ಸಣ್ಣ ಅಧ್ಯಯನ. ಇಷ್ಟು ದೊಡ್ಡ ಅಂತರವನ್ನು ನೋಡಿದಾಗ ವಿಜ್ಞಾನದ ಮೇಷ್ಟರಿಗೆ ಸ್ವಲ್ಪ ಅನುಮಾನವೂ ಬರಬೇಕು. ಹಳೆಯ ಸೊಂಟನೋವಿನ ಮೇಲೆ ಆಮೇಲೆ ನಡೆದ ದೊಡ್ಡ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದವರು, ಈ ಬಗೆಯ ವಿಶೇಷ ವ್ಯಾಯಾಮ ಇತರ ವ್ಯಾಯಾಮಗಳಿಗಿಂತ ಹೆಚ್ಚಿನದೇನಲ್ಲ ಎಂದಿದ್ದಾರೆ. ಹಾಗಾಗಿ 'ಇದೊಂದೇ ಸರಿಯಾದ ಭಂಗಿ' ಎಂದು ಯಾರಾದರೂ ದುಬಾರಿ ಶುಲ್ಕ ಕೇಳಿದರೆ ಯೋಚಿಸಿ. ಆದರೆ ನೋವು ಹೋದ ಮಾತ್ರಕ್ಕೆ ಸ್ನಾಯು ತಾನಾಗಿ ಮರಳಿ ಬರುವುದಿಲ್ಲ ಎಂಬ ಆ ಅಳತೆ ಮುಖ್ಯವಾದದ್ದು.

ಮಲಗಿದರೆ ಬರುತ್ತದೆಯೆ? ಅದಂತೂ ಇಲ್ಲ. ಸೊಂಟ ಹಿಡಿದರೆ ಹಲಗೆಯ ಮೇಲೆ ವಾರಗಟ್ಟಲೆ ಮಲಗಿಸುವುದು ನಮ್ಮ ಹಿರಿಯರ ಕಾಲದ ಪದ್ಧತಿ. ಅಮೆರಿಕದಲ್ಲಿ ರಿಚರ್ಡ್ ಡೇಯೊ ಮತ್ತು ಸಂಗಡಿಗರು 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಉಳಿದವರಿಗೆ ಏಳು ದಿನ ಮಲಗಲು ಹೇಳಿದರು. 1986ರಲ್ಲಿ ಪ್ರಕಟವಾದ ಫಲಿತಾಂಶ: ಎರಡು ದಿನದವರು ಕಳೆದುಕೊಂಡ ಕೆಲಸದ ದಿನಗಳು ಶೇ. 45ರಷ್ಟು ಕಡಿಮೆ. ಬೇರಾವ ವಿಷಯದಲ್ಲೂ ಏಳು ದಿನದವರಿಗೆ ಲಾಭ ಕಾಣಲಿಲ್ಲ.

ನಮ್ಮ ಕಡೆ ಫಿಸಿಯೊಥೆರಪಿ ಎಂದರೆ 'ಕರೆಂಟ್ ಇಡೋದು' ಎಂದೇ ಲೆಕ್ಕ. ಕರೆಂಟ್ ಇಡದೆ ಬರೀ ಕಾಲೆತ್ತಿಸಿ ಕಳಿಸಿದರೆ ದುಡ್ಡು ದಂಡ ಎಂದು ಗೊಣಗುವವರನ್ನು ನಾನೇ ಅಲ್ಲಿನ ಬೆಂಚಿನ ಮೇಲೆ ಕಂಡಿದ್ದೇನೆ. ಆ ಕರೆಂಟಿಗೂ ಒಂದು ಚರಿತ್ರೆಯಿದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬಿಬ್ಬರು, ನೋವಿನ ಸಂಕೇತಗಳು ಮಿದುಳಿಗೆ ಹೋಗುವ ಮುನ್ನ ಬೆನ್ನುಹುರಿಯಲ್ಲಿ ಒಂದು ಗೇಟನ್ನು ದಾಟಬೇಕು, ಸ್ಪರ್ಶದ ಸಂಕೇತಗಳು ಆ ಗೇಟನ್ನು ಅರ್ಧ ಮುಚ್ಚಬಲ್ಲವು ಎಂಬ ಸಿದ್ಧಾಂತ ಮುಂದಿಟ್ಟರು. ಮಗು ಬಿದ್ದು ಪೆಟ್ಟು ಮಾಡಿಕೊಂಡಾಗ ಅಮ್ಮ ಉಜ್ಜುವುದು ಇದಕ್ಕೇ. ಸಿದ್ಧಾಂತದ ವಿವರಗಳು ಆಮೇಲೆ ಬಹಳ ತಿದ್ದುಪಡಿಯಾದವು. ಗೇಟಿನ ಕಲ್ಪನೆ ಉಳಿಯಿತು. ಎರಡು ವರ್ಷದ ನಂತರ ವಾಲ್ ಮತ್ತು ವಿಲಿಯಂ ಸ್ವೀಟ್ ಸಣ್ಣ ವಿದ್ಯುತ್ತಿನಿಂದ ನರವನ್ನು ಕೆಣಕಿ ನೋವನ್ನು ತಗ್ಗಿಸಿ ತೋರಿಸಿದರು. ಅವರ ಪ್ರಬಂಧದ ಶೀರ್ಷಿಕೆಯಲ್ಲೇ 'ತಾತ್ಕಾಲಿಕ' ಎಂಬ ಪದವಿದೆ. ಬೆಂಚಿನ ಮೇಲೆ ಕೂತವರಿಗೆ ಆ ಪದವನ್ನು ಯಾರೂ ಹೇಳುವುದಿಲ್ಲ.

ನೋವು ಕಡಿಮೆ ಮಾಡುವುದು ಬೇಡವೆಂದಲ್ಲ. ನೋವಿದ್ದರೆ ವ್ಯಾಯಾಮ ಮಾಡಲು ಆಗುವುದೇ ಇಲ್ಲ. ಕರೆಂಟು, ಶಾಖ, ಮಂಜುಗಡ್ಡೆ, ಮಾತ್ರೆ, ಇವೆಲ್ಲ ನೋವನ್ನು ಒಂದಿಷ್ಟು ಹೊತ್ತು ಆಚೆ ನಿಲ್ಲಿಸಿ ನಿಮಗೆ ಬಿಡುವು ಕೊಡುತ್ತವೆ. ಆ ಬಿಡುವಿನಲ್ಲಿ ಸ್ನಾಯುವಿಗೆ ಕೆಲಸ ಕೊಡಬೇಕು. ನಾನು ಬಿಡುವನ್ನೇ ಗುಣ ಎಂದುಕೊಂಡು ಮನೆಗೆ ಹೋಗಿದ್ದೆ.

ಯಾವ ಕೆಲಸ, ಎಷ್ಟು? ಇದಕ್ಕೆ ಉತ್ತರ ಹುಡುಕಿದವನ ಕಥೆ ಸೊಗಸಾಗಿದೆ. ಥಾಮಸ್ ಡಿಲಾರ್ಮ್ ಬಾಲ್ಯದಲ್ಲಿ ರುಮ್ಯಾಟಿಕ್ ಜ್ವರದಿಂದ ಹಾಸಿಗೆ ಹಿಡಿದಿದ್ದವನು. ಎದ್ದ ಮೇಲೆ ರೈಲಿನ ಹಳೆಯ ಬಿಡಿಭಾಗಗಳಿಂದ ಭಾರ ಎತ್ತುವ ಸಾಧನ ಮಾಡಿಕೊಂಡು ಮೈ ಕಟ್ಟಿಕೊಂಡ. ಮುಂದೆ ವೈದ್ಯನಾಗಿ, ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಶಿಕಾಗೋದ ಗಾರ್ಡಿನರ್ ಸೈನಿಕ ಆಸ್ಪತ್ರೆಗೆ ಬಂದ. ಅಲ್ಲಿ ಮಂಡಿಗೆ ಪೆಟ್ಟಾದ ಸೈನಿಕರು ವಾರ್ಡುಗಳಲ್ಲಿ ತಿಂಗಳುಗಟ್ಟಲೆ ಕೊಳೆಯುತ್ತಿದ್ದರು. ಹಗುರ ಭಾರವನ್ನು ನೂರಾರು ಸಲ ಎತ್ತಿಸುವುದು ಅಂದಿನ ಪದ್ಧತಿ. ಡಿಲಾರ್ಮ್ ಅದನ್ನು ತಿರುವುಮುರುವು ಮಾಡಿದ: ಭಾರ ಹೆಚ್ಚು, ಸಲ ಕಡಿಮೆ, ಸ್ನಾಯುವಿಗೆ ಬಲ ಬಂದಂತೆಲ್ಲ ಭಾರ ಏರಿಸು. ಕಾಲಿಗೆ ಕಬ್ಬಿಣದ ಬೂಟು ಕಟ್ಟಿ ಮಂಡಿ ನೀಡಿಸಿದ. ಕೃಶವಾದ ತೊಡೆಗಳು ತುಂಬಿಕೊಂಡವು. 1945ರಲ್ಲಿ ಅವನು ಬರೆದ ಲೇಖನವೇ ಇಂದಿನ ಪದ್ಧತಿಗೆ ಬುನಾದಿ. 1948ರ ಹೊತ್ತಿಗೆ ಅದನ್ನು ಸರಳಗೊಳಿಸಿದ: ಹತ್ತು ಸಲ ಮಾತ್ರ ಎತ್ತಲಾಗುವ ಭಾರ ಎಷ್ಟೆಂದು ಕಂಡುಕೊಳ್ಳಿ, ಅದರ ಅರ್ಧದಲ್ಲಿ ಹತ್ತು, ಮುಕ್ಕಾಲಿನಲ್ಲಿ ಹತ್ತು, ಪೂರ್ತಿಯಲ್ಲಿ ಹತ್ತು. ನಮ್ಮ ಗರಡಿಮನೆಯ ಉಸ್ತಾದರು ಇದನ್ನು ಕೇಳಿದ್ದರೆ 'ಇದರಲ್ಲೇನಿದೆ ಹೊಸದು' ಎನ್ನುತ್ತಿದ್ದರೇನೋ! ಹೊಸದು ಇಷ್ಟೇ: ಅವನು ಅದನ್ನು ಪೈಲ್ವಾನರಿಗಲ್ಲ, ರೋಗಿಗಳಿಗೆ ಕೊಟ್ಟ.

ವಯಸ್ಸಾಯಿತು, ಇನ್ನೆಲ್ಲಿ ಸ್ನಾಯು ಬೆಳೆಯುತ್ತದೆ ಎನ್ನುವವರಿಗೆ 1990ರ ಒಂದು ವರದಿಯಿದೆ. ಬಾಸ್ಟನ್ನಿನಲ್ಲಿ ಮರಿಯಾ ಫಿಯಟರೋನ್ ಮತ್ತು ಸಂಗಡಿಗರು ಆಶ್ರಯಧಾಮವೊಂದರ ಹತ್ತು ಮಂದಿ ವೃದ್ಧರಿಗೆ ಎಂಟು ವಾರ ತೊಡೆಯ ಭಾರದ ವ್ಯಾಯಾಮ ಮಾಡಿಸಿದರು. ಅವರ ಸರಾಸರಿ ವಯಸ್ಸು 90. ಪೂರ್ತಿ ಮುಗಿಸಿದ್ದು ಒಂಬತ್ತು ಮಂದಿ. ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ವ್ಯಾಯಾಮ ನಿಲ್ಲಿಸಿದ ನಾಲ್ಕೇ ವಾರದಲ್ಲಿ ಶೇ. 32ರಷ್ಟು ಬಲ ಇಳಿದೂ ಹೋಯಿತು. ನನ್ನ ಪಾಲಿಗೆ ಎರಡನೆಯ ಅಂಕಿಯೇ ಹೆಚ್ಚು ಮಾತಾಡುತ್ತದೆ.

ನನಗೆ ಕಬ್ಬಿಣದ ಬೂಟು ಬೇಕಾಗಲಿಲ್ಲ. ಮೊದಲ ಎರಡು ವಾರ ಮಂಡಿಯ ಕೆಳಗೆ ಟವಲು ಸುತ್ತಿಟ್ಟು ಅದನ್ನು ಒತ್ತುವುದಷ್ಟೇ. ಆಮೇಲೆ ಬಟ್ಟೆಯ ಚೀಲದಲ್ಲಿ ಮರಳು ತುಂಬಿ ಕಣಕಾಲಿಗೆ ಕಟ್ಟಿ, ಕುರ್ಚಿಯಲ್ಲಿ ಕುಳಿತು ಕಾಲು ನೀಡುವುದು. ಅರ್ಧ ಕಿಲೋದಿಂದ ಶುರು. ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ತಂದ ಮರಳು, ಬೇಳೆಗಿಂತ ಕಟ್ಟುನಿಟ್ಟಾಗಿ! ಮರುದಿನ ಮಂಡಿ ಊದಿಕೊಂಡರೆ ಭಾರ ಇಳಿಸಬೇಕು, ಊದದಿದ್ದರೆ ಹತ್ತು ದಿನಕ್ಕೊಮ್ಮೆ ಏರಿಸಬಹುದು ಎಂದು ಆಕೆ ಹೇಳಿದ್ದಳು. ನಿಮ್ಮ ಲೆಕ್ಕವನ್ನು ನಿಮ್ಮನ್ನು ನೋಡಿದವರೇ ಹೇಳಬೇಕು. ಅದರಲ್ಲೂ ನೋವಿನ ಜೊತೆ ಜ್ವರ, ಕಾಲು ಜೋಮು ಹಿಡಿಯುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು ಇದ್ದರೆ ವ್ಯಾಯಾಮದ ಮಾತು ಬಿಟ್ಟು ಕೂಡಲೇ ವೈದ್ಯರ ಹತ್ತಿರ ಓಡಿ.

ಟೇಪಿನ ಅಳತೆ ಒರಟು ಅಳತೆ. ಅದು ಚರ್ಮ, ಕೊಬ್ಬು, ಮೂಳೆಗಳನ್ನೂ ಸೇರಿಸಿಯೇ ಸುತ್ತುತ್ತದೆ. ಹಾಗಾಗಿ ಸ್ನಾಯುವಿನ ನಷ್ಟವನ್ನು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಆದರೂ ಮೊದಲ ತಿಂಗಳು ಅಂತರ ಅಲ್ಲಾಡಲೇ ಇಲ್ಲ, ಮೂರನೆಯ ತಿಂಗಳಿಗೆ ಅರ್ಧ ಸೆಂಟಿಮೀಟರ್ ಕರಗಿತು ಎಂಬುದನ್ನು ನನಗೆ ಹೇಳಿದ್ದು ಆ ಟೇಪೇ. ಈ ತಿಂಗಳ ಲೆಕ್ಕ: ಬಲ 46, ಎಡ 45. ಚೀಲದಲ್ಲಿ ಈಗ ಆರು ಕಿಲೋ ಮರಳಿದೆ.

ಆ ಹುಡುಗ ಈಗ ಹತ್ತನೇ ತರಗತಿ. ಪಾದದ ಗಾಯ ವಾಸಿಯಾಗಿ ಕಬಡ್ಡಿ ಆಡುತ್ತಾನೆ. ನಾನು ಮೆಟ್ಟಿಲು ಇಳಿಯುವುದು ಕಂಡರೆ ಎಲ್ಲಿದ್ದರೂ ಓಡಿ ಬಂದು, "ಕೊಡಿ ಸಾರ್" ಎಂದು ನನ್ನ ಕೈಯಿಂದ ಸೀಸೆ ಕಿತ್ತುಕೊಂಡೇ ಮುಂದೆ ಹೋಗುತ್ತಾನೆ. ಚಪ್ಪಲಿ ಹಾಕಿಕೊಂಡಿರುತ್ತಾನೆ.