ಗಡಿಯಾಚೆಯ ಜೋಳದ ಕಣಜ

1956ರ ನವೆಂಬರ್ 1ರ ತನಕ ನಾರಾಯಣಖೇಡ ಮತ್ತು ಜಹೀರಾಬಾದ್ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿಯಲ್ಲಿತ್ತು. ಈಗ ಮೂರೂ ತೆಲಂಗಾಣದಲ್ಲಿವೆ. ರಾಜ್ಯ ಬದಲಾಯಿತು, ಸಣ್ಣ ರೈತನ ಪಾಡು ಗಡಿಯ ಎರಡೂ ಕಡೆ ಒಂದೇ ಆಗಿ ಉಳಿಯಿತು. ರಾಶಿ ಮುಗಿದ ಕೂಡಲೇ ಮಾಲು ಗಂಜ್ ಪೇಟೆಗೆ ಹೋಗಬೇಕು, ಯಾಕೆಂದರೆ ಬೀಜ-ಗೊಬ್ಬರಕ್ಕೆ ಉದ್ರಿ ಕೊಟ್ಟ ಅಡತಿಯವರು ಕಾಯುತ್ತಿರುತ್ತಾರೆ. ಎಲ್ಲರೂ ಒಟ್ಟಿಗೆ ಮಾರಿದರೆ ಧಾರಣೆ ಇಳಿಯುತ್ತದೆ. ಮಳೆಗಾಲದ ಹೊತ್ತಿಗೆ ಅದೇ ರೈತ ರೊಟ್ಟಿಯ ಜೋಳಕ್ಕೆ ಅದೇ ಪೇಟೆಯಲ್ಲಿ ಹೆಚ್ಚು ದುಡ್ಡು ಎಣಿಸುತ್ತಾನೆ.

ಸರ್ಕಾರಗಳಿಗೆ ಗೊತ್ತಿರುವ ಮದ್ದು ಬೆಂಬಲ ಬೆಲೆ. 2024-25ರಲ್ಲಿ ತೊಗರಿಗೆ ಕ್ವಿಂಟಲಿಗೆ 7,550 ರೂಪಾಯಿ ನಿಗದಿಯಾಯಿತು, ಕರ್ನಾಟಕ ಅದರ ಮೇಲೆ 450 ಸೇರಿಸಿತು. ಒಳ್ಳೆಯದೇ. ಆದರೆ ಖರೀದಿ ಕೇಂದ್ರದ ಬಾಗಿಲು ತೆರೆಯುವವರೆಗೆ ಸಾಲ ಕೊಟ್ಟವರು ಕಾಯುವುದಿಲ್ಲ, ಹೆಸರಿನಲ್ಲಿ ಪಹಣಿ ಇಲ್ಲದ ಗೇಣಿದಾರನಿಗೆ ನೋಂದಣಿಯೇ ಕಷ್ಟ.

ಜಹೀರಾಬಾದಿನ ಹೆಂಗಸರು ಬೇರೆ ದಾರಿ ಹಿಡಿದರು. ಪಸ್ತಾಪುರದಲ್ಲಿ 1983ರಲ್ಲಿ ಹುಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳವರು ಇವರು, ಬಹುಪಾಲು ದಲಿತ ಮಹಿಳೆಯರು. ಸಂಸ್ಥೆಯನ್ನು ಮುನ್ನಡೆಸಿದ ಪಿ.ವಿ. ಸತೀಶ್ ನಮ್ಮ ಮೈಸೂರಿನವರು, 2023ರ ಮಾರ್ಚಿನಲ್ಲಿ ತೀರಿಕೊಂಡರು. 90ರ ದಶಕದ ನಡುವೆ ಸುಮಾರು 30 ಹಳ್ಳಿಗಳಲ್ಲಿ ಈ ಸಂಘಗಳು ಬೀಳು ಬಿದ್ದ ಹೊಲಗಳ ಉಳುಮೆಗೆ, ಗೊಬ್ಬರಕ್ಕೆ ಮುಂಗಡ ಕೊಟ್ಟವು. ವಾಪಸು ಕೇಳಿದ್ದು ರೊಕ್ಕವನ್ನಲ್ಲ, ಜೋಳವನ್ನು, ಅದೂ ಕೆಲವು ವರ್ಷಗಳ ಕಂತಿನಲ್ಲಿ. ಆ ಜೋಳ ಊರಲ್ಲೇ ಉಳಿಯಿತು. ಯಾರ ಮನೆ ಎಷ್ಟು ಬಡ ಎಂಬುದನ್ನು ಊರವರೇ ಕೂತು ತೀರ್ಮಾನಿಸಿದರು. ಕಾಳಿನ ಅಭಾವದ ತಿಂಗಳುಗಳಲ್ಲಿ ಆ ಮನೆಗಳಿಗೆ ಪೇಟೆಗಿಂತ ಕಡಿಮೆ ದರದಲ್ಲಿ ಅಳೆದುಕೊಟ್ಟರು. ಬಂದ ಹಣ ಮತ್ತೆ ಬೀಳು ಹೊಲಕ್ಕೆ. ಸಾಲ, ದಾಸ್ತಾನು, ಪಡಿತರ ಮೂರೂ ನಡೆದೇ ಹೋಗುವ ದೂರದಲ್ಲಿ! 2019ರಲ್ಲಿ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು.

ಇದರಿಂದ ಎಲ್ಲ ಬೆಳೆಯ ಗೋಳು ತೀರದು. ತೊಗರಿಗೆ, ಕಬ್ಬಿಗೆ ದೊಡ್ಡ ಪೇಟೆ ಬೇಕೇ ಬೇಕು. ಆದರೆ ತಿನ್ನುವ ಕಾಳನ್ನು ಊರಿಂದ ಲಾರಿಯಲ್ಲಿ ಒಯ್ದು, ಗೋದಾಮಿನಲ್ಲಿಟ್ಟು, ಪಡಿತರವೆಂದು ಅದೇ ಊರಿಗೆ ತರುವುದರಲ್ಲಿ ಲಾಭ ಸಾಗಣೆ ಗುತ್ತಿಗೆದಾರನಿಗೆ ಮಾತ್ರ.

ಗಡಿಯ ಈಚೆ ಔರಾದ, ಚಿಂಚೋಳಿಗಳಲ್ಲೂ ಮಹಿಳಾ ಸಂಘಗಳಿವೆ. ಜೋಳದ ಖರೀದಿ ಮತ್ತು ದಾಸ್ತಾನನ್ನು ಒಂದಷ್ಟು ಹಳ್ಳಿಗಳಲ್ಲಾದರೂ ಸರ್ಕಾರ ಅವರ ಕೈಗೆ ಕೊಟ್ಟು ನೋಡಲಿ. ಅಧ್ಯಯನ ಪ್ರವಾಸಕ್ಕೆ ವಿದೇಶಕ್ಕೇ ಹೋಗಬೇಕಿಲ್ಲ. ಬೀದರಿನಿಂದ ಜಹೀರಾಬಾದಿಗೆ ಬಸ್ಸಿದೆ.